ನೀಲಿ ಸ್ಲೈಡರ್ ಮತ್ತು ವರ್ತೂರು ಕೆರೆ

ವೈಟ್‌ಫೀಲ್ಡ್‌ನಲ್ಲಿ ಕೆಲಸಕ್ಕೆ ಸೇರಿ, ಮೊದಲ ಬೋನಸ್ಸಿನಲ್ಲಿ ಡಿಎಸ್‌ಎಲ್‌ಆರ್ ಕೊಂಡವರದ್ದೇ ಒಂದು ದೊಡ್ಡ ಸಂಘ ಮಾಡಬಹುದು. ನಾನೂ ಅದರ ಸದಸ್ಯ. ಕ್ಯಾಮೆರಾ ಬಂದು ಮೂರು ವಾರ ಆಗೋದ್ರೊಳಗೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಎಡಿಟಿಂಗ್‌ಗೆ ಯಾವ ಸಾಫ್ಟ್‌ವೇರ್ ಒಳ್ಳೇದು ಮಗಾ?"

ಕ್ಯಾಂಟೀನಿನಲ್ಲಿ ಉತ್ತರ ಸಲೀಸು. ದುಡ್ಡಿದ್ರೆ ಲೈಟ್‌ರೂಮ್, ಇಲ್ದಿದ್ರೆ ಕ್ರ್ಯಾಕ್ ಮಾಡಿದ ಫೋಟೋಶಾಪ್. ಹಗಲೆಲ್ಲ ಸಾಫ್ಟ್‌ವೇರ್ ಬರೆದು ಸಂಬಳ ಎಣಿಸುವ ನಾವೇ ಸಂಜೆ ಇನ್ನೊಬ್ಬರು ಬರೆದದ್ದನ್ನು ಕದಿಯುತ್ತೇವೆ. ನಾನೂ ಒಂದು ವರ್ಷ ಕದ್ದವನೇ. 2013ರಿಂದ ಹೊಸ ಫೋಟೋಶಾಪ್ ಬಾಡಿಗೆಗೆ ಮಾತ್ರ ಸಿಗುತ್ತೆ. ಒಂದೇ ಸಲ ದುಡ್ಡು ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಲೈಟ್‌ರೂಮ್ 2015ರದ್ದು. ತಿಂಗಳಿಗೊಮ್ಮೆ ಕ್ಯಾಮೆರಾ ಹೊರಗೆ ತೆಗೆಯುವವನಿಗೆ ಬಾಡಿಗೆ ಭಾರ, ಒಪ್ಪೋಣ. ಆದ್ರೆ 1996ರಿಂದ ಗಿಂಪ್ ಇದೆ, 2009ರಿಂದ ಡಾರ್ಕ್‌ಟೇಬಲ್ ಇದೆ. ಎರಡೂ ಪುಕ್ಕಟೆ. ಗಿಂಪ್ ತಾನೇ ರಾ ಫೈಲ್ ತೆರೆಯಲ್ಲ, ಜೊತೆಗೆ ಇನ್ನೊಂದು ಬೇಕು. ಡಾರ್ಕ್‌ಟೇಬಲ್ ತೆರೆಯುತ್ತೆ, ಆದರೆ ಅದರ ಮಾಡ್ಯೂಲುಗಳ ಹೆಸರು ಓದಿದರೆ ಪಿಯುಸಿ ಫಿಸಿಕ್ಸ್ ಪರೀಕ್ಷೆ ನೆನಪಾಗುತ್ತೆ. ನನಗೆ ಕೈ ಕುದುರಲು ಎರಡು ತಿಂಗಳು ಹಿಡಿಯಿತು.

ಆ ಎರಡು ತಿಂಗಳಲ್ಲಿ ಕಲಿತದ್ದು ಸಾಫ್ಟ್‌ವೇರಿಗಿಂತ ದೊಡ್ಡದು. ಜೆಪೆಗ್‌ನಲ್ಲಿ ಪ್ರತಿ ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಕತ್ತಲ ಮೂಲೆಯನ್ನು ಬೆಳಗಿಸಲು ಹೋದಾಗ ಜೆಪೆಗ್ ಒಡೆದುಹೋಗಿ, ರಾ ತಡೆದುಕೊಳ್ಳೋದು ಇದಕ್ಕೇ. ಇನ್ನೊಂದು: ಡಾರ್ಕ್‌ಟೇಬಲ್ ನಮ್ಮ ತಿದ್ದುಪಡಿಗಳನ್ನು ಬೇರೆ ಸಣ್ಣ ಫೈಲಿನಲ್ಲಿ ಬರೆದಿಡುತ್ತೆ, ಮೂಲವನ್ನು ಮುಟ್ಟಲ್ಲ.

ನನ್ನ ತಕರಾರಿರೋದು ನಾವು ಕಲಿಯುವ ರೀತಿಯ ಬಗ್ಗೆ. ನಾನು ನೋಡಿದ ಟ್ಯುಟೋರಿಯಲ್‌ಗಳೆಲ್ಲ ಯಾವ ಸ್ಲೈಡರ್ ಎಳೆಯಬೇಕು ಅಂತ ಹೇಳಿದವು. ಎಲ್ಲಿ ನಿಲ್ಲಿಸಬೇಕು ಅಂತ ಒಂದೂ ಹೇಳಲಿಲ್ಲ.

ಮಳೆ ಬಂದರೆ ವರ್ತೂರು ಕೋಡಿಯಲ್ಲಿ ನೊರೆ ಉಕ್ಕಿ ರಸ್ತೆಗೆ ಹಾರುತ್ತಿದ್ದ ದಿನಗಳವು. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ಒಂದು ಬೆಳಗ್ಗೆ ಫೋಟೋ ತೆಗೆದೆ. ಮನೆಗೆ ಬಂದು ನೀರಿಗೆ ನೀಲಿ ತುಂಬಿದೆ, ಆಕಾಶಕ್ಕೆ ಕಿತ್ತಳೆ, ನೊರೆ ಹಿಮದ ಹಾಗೆ ಬೆಳ್ಳಗಾಯಿತು. ಲೈಕುಗಳ ಸುರಿಮಳೆ. ಒಬ್ಬರಂತೂ "ಮನಾಲಿನಾ?" ಅಂದರು. ಖುಷಿಯಲ್ಲಿ, ವರ್ತೂರಿನಲ್ಲೇ ಹುಟ್ಟಿ ಬೆಳೆದ ಎಳನೀರು ಅಣ್ಣನಿಗೂ ತೋರಿಸಿದೆ.

"ಯಾವ ಕೆರೆ ಸಾರ್ ಇದು?"

"ನಿಮ್ಮದೇ ಅಣ್ಣ, ವರ್ತೂರು."

ಫೋನು ಹತ್ತಿರ ಹಿಡಿದು ನೋಡಿದ. "ನೀರು ಹಿಂಗಿದ್ದಿದ್ದು ನಾನು ಚಿಕ್ಕೋನಿದ್ದಾಗ ಸಾರ್" ಅಂದು ಮಚ್ಚು ಎತ್ತಿಕೊಂಡ.

ತಿದ್ದುವುದೇ ತಪ್ಪು ಅಂತ ನಾನು ಹೇಳ್ತಿಲ್ಲ. ಡಾರ್ಕ್‌ರೂಮ್ ಕಾಲದಲ್ಲೂ ಪ್ರಿಂಟಿನ ಒಂದು ಮೂಲೆಯನ್ನು ತಿಳಿಯಾಗಿಸಿ, ಇನ್ನೊಂದನ್ನು ಗಾಢ ಮಾಡುತ್ತಿದ್ದರು. ಮದುವೆ ಫೋಟೋದಲ್ಲಿ ಮೊಡವೆ ಅಳಿಸಿದರೆ ಯಾರಿಗೂ ನಷ್ಟವಿಲ್ಲ. ಆದರೆ ಕೆರೆಯ ಕೊಳಕು ಮೊಡವೆಯಲ್ಲ. ಅದನ್ನು ಅಳಿಸಿದವನು ಆ ನೀರಿನ ಪಕ್ಕ ಬದುಕುವವರ ದೂರನ್ನೂ ಅಳಿಸಿದ ಹಾಗೆ. ನೇಚರ್ ವಿಭಾಗದ ಸ್ಪರ್ಧೆಗಳಲ್ಲಿ ಏನನ್ನೂ ಸೇರಿಸಬಾರದು, ಅಳಿಸಬಾರದು ಅನ್ನೋ ನಿಯಮ ಇರುತ್ತೆ. ನಾನು ಏನನ್ನೂ ಅಳಿಸಿರಲಿಲ್ಲ, ಬಣ್ಣ ಮಾತ್ರ ಎಳೆದಿದ್ದೆ. ಸುಳ್ಳು ಹೇಳೋಕೆ ಅಷ್ಟೇ ಸಾಕಾಯ್ತು.

ಪುಣ್ಯಕ್ಕೆ ಮೂಲ ಫೈಲು ಹಾಗೇ ಇತ್ತು. ಎಲ್ಲ ತೆಗೆದುಹಾಕಿ, ಬೆಳಕನ್ನಷ್ಟೇ ಸರಿಮಾಡಿದೆ. ಕಂದು ನೀರು, ಬೂದು ಆಕಾಶ, ಹಳದಿಗಟ್ಟಿದ ನೊರೆ. ಹಳೆಯದನ್ನು ತೆಗೆದು ಇದನ್ನು ಹಾಕಿದೆ. ಲೈಕು ಬಂದದ್ದು ಹನ್ನೊಂದು.

ಹಾಗಾಗಿ ಯಾವ ಸಾಫ್ಟ್‌ವೇರ್ ಅಂತ ಕೇಳಿದವರಿಗೆ ಈಗ ಹೇಳೋದು ಇಷ್ಟೇ: ಕದಿಯದೆ ಸಿಗೋ ಯಾವುದಾದರೂ ಸರಿ. ರಾದಲ್ಲೇ ತೆಗೀರಿ. ಎಡಿಟ್ ಮುಗಿದ ಮೇಲೆ ಆ ಜಾಗದವರೊಬ್ಬರಿಗೆ ತೋರಿಸಿ. "ಇದು ಯಾವೂರು?" ಅಂತ ಅವರೇ ಕೇಳಿದರೆ, ಸ್ಲೈಡರ್ ಹಿಂದಕ್ಕೆ ಎಳೀರಿ.