ವೃದ್ಧರ ದಿನಚರಿ ಮತ್ತು ನಮ್ಮ ಶುಶ್ರೂಷಾ ಸಂಶೋಧನೆಯ ಅಳತೆಗೋಲು

ಶುಶ್ರೂಷಾಶಾಸ್ತ್ರದ ಸ್ನಾತಕೋತ್ತರ ಪದವಿಗಾಗಿ ಬೆಂಗಳೂರಿನ ಕಾಲೇಜುಗಳಲ್ಲಿ ಸಿದ್ಧವಾಗುವ ಪ್ರೌಢಪ್ರಬಂಧಗಳಲ್ಲಿ ವೃದ್ಧರನ್ನು ಕುರಿತವು ಪ್ರತ್ಯೇಕವಾದ ಒಂದು ವರ್ಗವೆನ್ನುವಷ್ಟು ಬೆಳೆದಿವೆ. ೧೯೯೬ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು ಸ್ಥಾಪಿತವಾಗಿ, ರಾಜ್ಯದ ಶುಶ್ರೂಷಾ ಕಾಲೇಜುಗಳು ಅದರ ಆಶ್ರಯಕ್ಕೆ ಬಂದ ಮೇಲೆ ಈ ಬರವಣಿಗೆಗೆ ಒಂದು ನಿಶ್ಚಿತ ಆಕಾರವೂ ಒದಗಿತು. ‘ಆಯ್ದ ವೃದ್ಧಾಶ್ರಮ’ವೊಂದು, ಅಲ್ಲಿ ಸುಲಭವಾಗಿ ದೊರೆತ ಕೆಲವು ಮಂದಿ ಹಿರಿಯರು, ಮೊದಲೊಂದು ಪರೀಕ್ಷೆ, ನಡುವೆ ವ್ಯವಸ್ಥಿತವಾದ ಬೋಧನೆ, ಕೊನೆಗೆ ಅದೇ ಪ್ರಶ್ನೆಗಳ ಇನ್ನೊಂದು ಪರೀಕ್ಷೆ, ಅಂಕಗಳು ಏರಿದುವೆಂದು ಸಂಖ್ಯಾಶಾಸ್ತ್ರದ ಮುದ್ರೆ. ಇದು ಈ ಪ್ರಬಂಧಗಳ ಪರಿಚಿತವಾದ ಹಂದರ. ಇವುಗಳಲ್ಲಿ ಯಾವ ಒಂದನ್ನೂ ಹೆಸರಿಸಿ ಪರಿಶೀಲಿಸುವುದು ನಮ್ಮ ಉದ್ದೇಶವಲ್ಲ. ಇವುಗಳಲ್ಲಿ ಮತ್ತೆ ಮತ್ತೆ ಕಾಣಬರುವ ಒಂದು ಉಪಕರಣವನ್ನು, ಎಂದರೆ ವೃದ್ಧರು ತಮ್ಮ ದಿನದ ಕೆಲಸಗಳನ್ನು ಎಷ್ಟರಮಟ್ಟಿಗೆ ತಾವೇ ಮಾಡಿಕೊಳ್ಳಬಲ್ಲರೆಂದು ಅಳೆಯುವ ಮಾಪಕವನ್ನು, ಪಶ್ಚಿಮ ಬೆಂಗಳೂರಿನ ಮನೆಯೊಳಕ್ಕೆ ತಂದಿಟ್ಟು ನೋಡಬೇಕೆಂಬುದಷ್ಟೇ ನಮ್ಮ ಇಚ್ಛೆ.

ಈ ಭಾಗವನ್ನು ಆರಿಸಿಕೊಂಡುದಕ್ಕೆ ಕಾರಣವುಂಟು. ರಾಜಗೋಪಾಲಾಚಾರ್ಯರ ಹೆಸರನ್ನು ಹೊತ್ತು ೧೯೪೯ರಲ್ಲಿ ಆರಂಭವಾದ ರಾಜಾಜಿನಗರವು ಕೈಗಾರಿಕೆಯ ಉಪನಗರವಾಗಿ ಬೆಳೆಯಿತು. ಗಿರಣಿ, ಸಾಬೂನು ಕಾರ್ಖಾನೆ, ವಿದ್ಯುತ್ ಯಂತ್ರಗಳ ಕಾರ್ಖಾನೆ ಇವುಗಳಲ್ಲಿ ದುಡಿದವರೂ ಸರ್ಕಾರದ ಗುಮಾಸ್ತರೂ ಇಲ್ಲಿ, ವಿಜಯನಗರದಲ್ಲಿ, ಬಸವೇಶ್ವರನಗರದಲ್ಲಿ ಸಣ್ಣ ನಿವೇಶನಗಳನ್ನು ಪಡೆದು ಮನೆ ಕಟ್ಟಿದರು. ಆ ತಲೆಮಾರಿನವರಲ್ಲಿ ಉಳಿದವರು ಇಂದು ವೃದ್ಧರು. ಇಪ್ಪತ್ತು-ಮೂವತ್ತು ಅಡಿಯ ನಿವೇಶನದಲ್ಲಿ ಮನೆ ಅಗಲಕ್ಕೆ ಬೆಳೆಯಲಾರದು, ಮೇಲಕ್ಕೆ ಬೆಳೆಯುತ್ತದೆ. ಕೆಳಗೆ ಬಾಡಿಗೆಯವರು, ಮೇಲೆ ಮಗನ ಸಂಸಾರ, ನಡುವೆ ಒಂದೂವರೆ ಮೊಳ ಅಗಲದ ಕಡಿದಾದ ಮೆಟ್ಟಿಲು. ಕೆಂಗೇರಿಯ ಹಳೆಯ ಪೇಟೆಯಲ್ಲಾದರೋ ಇನ್ನೂ ಎತ್ತರದ ಹೊಸಿಲು, ಹಿತ್ತಲ ಬಚ್ಚಲು. ವೃದ್ಧಾಪ್ಯವನ್ನು ಅಭ್ಯಸಿಸಬೇಕೆನ್ನುವವರಿಗೆ ಇಂಥ ಕ್ಷೇತ್ರ ಬೇರೆ ದೊರೆಯುವುದು ಕಷ್ಟ. ಹೀಗಿದ್ದೂ ನಮ್ಮ ಸಂಶೋಧಕರು ಬಹುಮಟ್ಟಿಗೆ ಈ ಮನೆಗಳನ್ನು ದಾಟಿ ವೃದ್ಧಾಶ್ರಮದ ಬಾಗಿಲಿಗೆ ಹೋಗುತ್ತಾರೆ.

ಮಾಪಕದ ಚರಿತ್ರೆಯನ್ನು ಸ್ವಲ್ಪ ನೋಡೋಣ. ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದ ಬೆಂಜಮಿನ್ ರೋಸ್ ಆಸ್ಪತ್ರೆಯಲ್ಲಿ ಸೊಂಟದ ಮೂಳೆ ಮುರಿದುಕೊಂಡ ವೃದ್ಧರನ್ನು ದಿನದಿನವೂ ಗಮನಿಸಿ, ಸಿಡ್ನಿ ಕಾಟ್ಜ್ ಮತ್ತು ಸಹೋದ್ಯೋಗಿಗಳು ರೂಪಿಸಿದ ಸೂಚಿ ೧೯೬೩ರಲ್ಲಿ ಪೂರ್ಣರೂಪದಲ್ಲಿ ಪ್ರಕಟವಾಯಿತು. ಸ್ನಾನ, ಉಡುಗೆ, ಶೌಚಕ್ಕೆ ಹೋಗುವುದು, ಹಾಸಿಗೆಯಿಂದಲೂ ಕುರ್ಚಿಯಿಂದಲೂ ಏಳುವುದು, ಮಲಮೂತ್ರಗಳ ಹತೋಟಿ, ಊಟ ಎಂಬ ಆರು ಕ್ರಿಯೆಗಳು. ಆರಕ್ಕೆ ಆರು ಅಂಕ ಬಂದವರು ಪೂರ್ಣ ಸ್ವಾವಲಂಬಿಗಳು ಎಂಬ ಎಣಿಕೆ ಈಗ ರೂಢಿಯಲ್ಲಿದೆ. ಕಾಟ್ಜರ ಕೃತಿಯ ಹಿರಿಮೆ ಅಂಕಗಳಲ್ಲಿಲ್ಲ, ವಿವರದಲ್ಲಿದೆ. ಬೆನ್ನನ್ನು ಮಾತ್ರ ಬೇರೆಯವರು ತೊಳೆದರೆ ಅದು ಪರಾವಲಂಬನೆಯಲ್ಲ. ಬೂಟಿನ ದಾರ ಕಟ್ಟುವುದು ಲೆಕ್ಕಕ್ಕಿಲ್ಲ. ಮಾಂಸವನ್ನು ಮೊದಲೇ ಕತ್ತರಿಸಿಕೊಟ್ಟರೂ ರೊಟ್ಟಿಗೆ ಬೆಣ್ಣೆ ಸವರಿಕೊಟ್ಟರೂ ಊಟದಲ್ಲಿ ಅವರು ಸ್ವತಂತ್ರರೇ. ಇಂಥ ಟಿಪ್ಪಣಿಗಳು ಕಣ್ಣಾರೆ ಕಂಡವರಿಗೆ ಮಾತ್ರ ಹೊಳೆಯತಕ್ಕವು. ಇನ್ನೊಂದು ನಿಯಮವಂತೂ ಬಹಳ ಮುಖ್ಯವಾದುದು: ರೋಗಿ ಏನು ಮಾಡಬಲ್ಲನೆಂಬುದನ್ನಲ್ಲ, ಏನು ಮಾಡುತ್ತಾನೆಂಬುದನ್ನು ಬರೆದುಕೊಳ್ಳಬೇಕು. ಶಕ್ತಿಯಿದ್ದೂ ಮಾಡಲೊಪ್ಪದವನು ಮಾಡದವನೆಂದೇ ಗಣಿತನಾಗಬೇಕು.

ಈ ಸೂಚಿ ನಮ್ಮಲ್ಲಿಗೆ ಬಂದಾಗ ಉಳಿದುದು ಆರು ಹೆಸರುಗಳು. ಕಳೆದುಹೋದುದು ಆ ವಿವರ. ಕಣ್ಣಿಂದ ನೋಡಬೇಕಾದುದು ಬಾಯಿಂದ ಕೇಳುವ ಪ್ರಶ್ನೆಯಾಯಿತು. ಪ್ರಶ್ನೆಯಾದ ಮೇಲೆ ಅದು ಕನ್ನಡವಾಗಲೇಬೇಕಾಯಿತು. ತೊಡಕು ಇಲ್ಲಿಂದಲೇ ಮೊದಲು. ‘ಸ್ನಾನಕ್ಕೆ ನಿಮಗೆ ಸಹಾಯ ಬೇಕೇ?’ ಎಂದು ಕೇಳಿದರೆ ನಮ್ಮ ಮನೆಯ ಹಿರಿಯರು ಬಹುಶಃ ‘ಬೇಡ’ವೆನ್ನುವರು. ಅದು ಸುಳ್ಳಲ್ಲ. ಸೊಸೆ ನೀರು ಕಾಯಿಸಿ, ಬಕೆಟ್ಟನ್ನು ಬಚ್ಚಲಿಗೆ ಎಳೆದಿಟ್ಟು, ಪ್ಲಾಸ್ಟಿಕ್ ಮಣೆ ಹಾಕಿ, ಬೆನ್ನುಜ್ಜಿ, ಒಣಬಟ್ಟೆ ತಂದು ಬಾಗಿಲಲ್ಲಿ ನಿಲ್ಲುವುದು ಅವರ ಭಾಷೆಯಲ್ಲಿ ಸಹಾಯವಲ್ಲ. ಮನೆಯವರು ಮಾಡತಕ್ಕದ್ದು, ಅಷ್ಟೇ. ಸಹಾಯವೆಂಬುದು ಹೊರಗಿನವರಿಂದ ಪಡೆಯುವಂಥದು, ಋಣದ ಮಾತು. ಆದುದರಿಂದ ಪೂರ್ಣಾಂಕ ಪಡೆದ ಮುದುಕಿಯೊಬ್ಬಳ ಸ್ವಾವಲಂಬನೆಯಲ್ಲಿ ಎಷ್ಟು ಪಾಲು ಅವಳದು, ಎಷ್ಟು ಪಾಲು ಸೊಸೆಯದು ಎಂಬುದು ಕೋಷ್ಟಕದಲ್ಲಿ ಎಲ್ಲಿಯೂ ಕಾಣುವುದಿಲ್ಲ. ಸೊಸೆ ಹೆರಿಗೆಗೆ ತವರಿಗೆ ಹೋದ ತಿಂಗಳಲ್ಲಿ ಅದೇ ಮುದುಕಿಯ ಅಂಕ ಎಷ್ಟಾದೀತು?

ವಿಚಿತ್ರವೆಂದರೆ ಈ ಅಳತೆಗೆ ಬೇಕಾದ ಸೂಕ್ಷ್ಮತೆ ಕನ್ನಡದ ಕ್ರಿಯಾಪದದಲ್ಲಿಯೇ ಇದೆ. ‘ಸ್ನಾನ ಮಾಡಿಕೊಳ್ಳುತ್ತಾರೆ’ ಎಂಬುದಕ್ಕೂ ‘ನೀರು ಕೊಟ್ಟರೆ ಮಾಡಿಕೊಳ್ಳುತ್ತಾರೆ’ ಎಂಬುದಕ್ಕೂ ‘ಮಾಡಿಸಿಕೊಳ್ಳುತ್ತಾರೆ’ ಎಂಬುದಕ್ಕೂ ‘ಮಾಡಿಸಬೇಕು’ ಎಂಬುದಕ್ಕೂ ಇರುವ ಅಂತರವನ್ನು ಯಾವ ಮನೆಯವರೂ ತಪ್ಪದೆ ಗುರುತಿಸಬಲ್ಲರು. ಉಡುವುದು, ಉಡಿಸುವುದು, ಉಣ್ಣುವುದು, ಉಣಿಸುವುದು, ಏಳುವುದು, ಎಬ್ಬಿಸುವುದು. ವೃದ್ಧರ ಕ್ಷೇಮವನ್ನು ವಿಚಾರಿಸಿದಾಗ ನೆರೆಯವರು ಹೇಳುವ ‘ಅವರ ಕೆಲಸ ಅವರು ಮಾಡಿಕೊಂಡಿದ್ದಾರೆ’ ಎಂಬ ಮಾತೇ ಒಂದು ಪರೀಕ್ಷಾಫಲವಲ್ಲವೇ? ಇಷ್ಟಿದ್ದೂ ನಮ್ಮ ಪ್ರಶ್ನಾವಳಿಗಳು ‘ಸಹಾಯ’, ‘ಅವಲಂಬನೆ’, ‘ಚಟುವಟಿಕೆ’ ಎಂಬ ಗ್ರಾಂಥಿಕ ನಾಮಪದಗಳನ್ನು ಹಿಡಿದು ಹೊರಡುತ್ತವೆ. ಪ್ರಶ್ನೆ ಕೇಳುವ ವಿದ್ಯಾರ್ಥಿನಿಯರಲ್ಲಿ ಅನೇಕರು ಕೇರಳದಿಂದ ಬಂದವರೆಂಬುದನ್ನೂ ನೆನೆಯಬೇಕು. ಅವರ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಆದರೆ ಎರಡು ವರ್ಷದ ವ್ಯಾಸಂಗದ ನಡುವೆ ಕಲಿತ ಕನ್ನಡವು ‘ಮಾಡಿಕೊಳ್ಳು’ವಿಗೂ ‘ಮಾಡಿಸಿಕೊಳ್ಳು’ವಿಗೂ ಇರುವ ಭೇದವನ್ನು ಹಿಡಿಯದೆ ಹೋದರೆ ತಪ್ಪು ಅವರದಲ್ಲ, ಅವರ ಕೈಗೆ ಅಂಥ ಪ್ರಶ್ನಾವಳಿಯನ್ನು ಕೊಟ್ಟವರದು.

ಉಡುಗೆಯ ವಿಷಯ ಇನ್ನೂ ವಿಚಾರಾರ್ಹ. ಆರು ಗಜದ ಸೀರೆಯನ್ನು ನಿಂತು ನೆರಿಗೆ ಹಿಡಿದು ಉಡಲು ಎರಡು ಕೈಗಳ ಬಲವೂ ಸೊಂಟದ ಬಲವೂ ಬೇಕು. ಅದು ಆಗದೆ ಹೋದಾಗ ನಮ್ಮ ಬಡಾವಣೆಗಳ ವೃದ್ಧೆಯರು ನೈಟಿಯನ್ನು ತೊಡುತ್ತಾರೆ. ಅದನ್ನು ಅವರೇ ತೊಟ್ಟುಕೊಳ್ಳುವುದರಿಂದ ಮಾಪಕದ ದೃಷ್ಟಿಯಲ್ಲಿ ಏನೂ ಆಗಿಲ್ಲ; ಉಡುಗೆಗೆ ಒಂದು ಅಂಕ ಭದ್ರವಾಗಿದೆ. ಆದರೆ ನೈಟಿಯಲ್ಲಿ ದೇವಸ್ಥಾನಕ್ಕೆ ಹೋಗುವಂತಿಲ್ಲ, ಮದುವೆಗೆ ಹೋಗುವಂತಿಲ್ಲ, ಬ್ಯಾಂಕಿಗೆ ಹೋಗಿ ಪಿಂಚಣಿ ತರುವುದೂ ಸಂಕೋಚ. ಸೀರೆ ಬಿಟ್ಟ ದಿನದಿಂದ ಆಕೆಯ ಲೋಕ ಕಾಂಪೌಂಡಿನ ಬಾಗಿಲಿಗೆ ನಿಂತುಬಿಡುತ್ತದೆ. ಇದಕ್ಕಿಂತ ಸ್ಪಷ್ಟವಾದ ಶಕ್ತಿಹ್ರಾಸದ ಲಕ್ಷಣ ಇನ್ನೇನು ಬೇಕು? ಇದನ್ನು ಬರೆದುಕೊಳ್ಳಲು ಸೂಚಿಯಲ್ಲಿ ಸ್ಥಳವಿಲ್ಲ.

ನೆಲದ ಮಾತೂ ಹಾಗೆಯೇ. ಚಾಪೆಯ ಮೇಲೆ ಮಲಗಿ, ನೆಲದ ಮೇಲೆ ಕುಳಿತು ಉಂಡು, ಕುಕ್ಕುರುಗಾಲಿನ ಶೌಚಾಲಯವನ್ನು ಬಳಸಿದ ಜನಕ್ಕೆ ಮುಪ್ಪು ಮೊದಲು ಬರುವುದು ಮೊಣಕಾಲಿನ ಮೂಲಕ. ಮಂಚ, ಊಟದ ಮೇಜು, ಶೌಚಾಲಯದ ಗುಂಡಿಯ ಮೇಲಿಟ್ಟ ತೂತುಕುರ್ಚಿ ಇವು ಒಂದರ ಹಿಂದೊಂದು ಮನೆಗೆ ಬರುವ ಕ್ರಮವನ್ನೇ ಬರೆದಿಟ್ಟರೆ ಆ ವ್ಯಕ್ತಿಯ ಹತ್ತು ವರ್ಷದ ಆರೋಗ್ಯಚರಿತ್ರೆ ದೊರೆಯುತ್ತದೆ. ಹಾಸಿಗೆಯಿಂದಲೂ ಕುರ್ಚಿಯಿಂದಲೂ ಏಳುವುದನ್ನು ಕೇಳುವ ಸೂಚಿ ನೆಲದಿಂದ ಏಳುವುದನ್ನು ಕೇಳುವುದಿಲ್ಲ. ಒಂಟಿಯಾಗಿದ್ದಾಗ ಬಿದ್ದ ವೃದ್ಧನ ಜೀವ ಉಳಿಯುವುದು ಎಷ್ಟೋ ವೇಳೆ ಅದೊಂದರ ಮೇಲೆಯೇ.

೧೯೬೯ರಲ್ಲಿ ಪ್ರಕಟವಾದ ಲಾಟನ್ ಮತ್ತು ಬ್ರೋಡಿ ಅವರ ಮಾಪಕವು ಫಿಲಡೆಲ್ಫಿಯದಲ್ಲಿ ಹುಟ್ಟಿದುದು. ದೂರವಾಣಿ, ಅಂಗಡಿ, ಅಡುಗೆ, ಮನೆಗೆಲಸ, ಬಟ್ಟೆ ಒಗೆತ, ಪ್ರಯಾಣ, ಔಷಧ, ಹಣ ಎಂಬ ಎಂಟು ಬಾಬುಗಳು. ಅದರಲ್ಲಿ ಅಡುಗೆ, ಮನೆಗೆಲಸ, ಒಗೆತಗಳನ್ನು ಬಿಟ್ಟು ಗಂಡಸರಿಗೆ ಐದು ಮಾತ್ರ. ಇದನ್ನು ಹಳೆಯ ಕಾಲದ ಪಕ್ಷಪಾತವೆಂದು ಕೆಲವರು ತಿದ್ದಿ ಎಲ್ಲರಿಗೂ ಎಂಟನ್ನೇ ಹಾಕುತ್ತಾರೆ. ಹಾಗೆ ಮಾಡಿದಾಗ, ಹುಟ್ಟಿದಂದಿನಿಂದ ಅನ್ನ ಮಾಡಿ ಅರಿಯದ ರಾಜಾಜಿನಗರದ ನಿವೃತ್ತ ಮೇಸ್ತ್ರಿ ಅಡುಗೆಯಲ್ಲಿ ಅಶಕ್ತನೆನಿಸುತ್ತಾನೆ. ಎಂದೂ ಬ್ಯಾಂಕಿನ ಪುಸ್ತಕವನ್ನು ಮುಟ್ಟಗೊಡದ ಅವನ ಹೆಂಡತಿ ಹಣದಲ್ಲಿ ಅಶಕ್ತಳೆನಿಸುತ್ತಾಳೆ. ಮಾಡಲಾಗದುದಕ್ಕೂ ಎಂದೂ ಮಾಡದುದಕ್ಕೂ ಒಂದೇ ಸೊನ್ನೆ. ಹರಿಯಾಣದ ಬಲ್ಲಭಗಢದಲ್ಲಿ ಸಂಶೋಧಕರು ಈ ಕಷ್ಟವನ್ನು ಎದುರಿಸಿ, ಓದುಬರಹವಿಲ್ಲದ ಹಳ್ಳಿಯ ವೃದ್ಧರಿಗಾಗಿ ಬೇರೆ ಮಾಪಕವನ್ನು ಕಟ್ಟಿ ೧೯೯೯ರಲ್ಲಿ ಪ್ರಕಟಿಸಿದರು. ಬೆಂಗಳೂರು ಬಲ್ಲಭಗಢವಲ್ಲವೆಂಬುದು ನಿಜ. ಆದರೆ ಅವರು ಮಾಡಿದ ಕೆಲಸವನ್ನು ನಾವು ಮಾಡಲಾರೆವೆಂಬುದಕ್ಕೆ ಅದು ಕಾರಣವಾಗದು.

ಪ್ರಯಾಣದ ಬಾಬಿನಲ್ಲಿ ಶಕ್ತಿಗೂ ಸೌಕರ್ಯಕ್ಕೂ ಇರುವ ಗೊಂದಲ ಎದ್ದು ಕಾಣುತ್ತದೆ. ೨೦೧೫ರಲ್ಲಿ ವಿಜಯನಗರಕ್ಕೂ ೨೦೨೧ರಲ್ಲಿ ಕೆಂಗೇರಿಗೂ ಮೆಟ್ರೊ ಬಂದಿತು. ೨೦೨೩ರಲ್ಲಿ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚು ತಪ್ಪಿತು. ಮೊಣಕಾಲು ಮೊದಲಿನಂತೆಯೇ ಇದ್ದೂ ಒಬ್ಬಾಕೆಯ ಅಂಕ ಏರಬಹುದು. ಮನೆಯ ಮುಂದಿನ ಕಾಲುದಾರಿಯನ್ನು ಅಗೆದುಹಾಕಿದರೆ ಇಳಿಯಬಹುದು. ದಾದಿಯ ವರದಿ ಇವೆರಡನ್ನೂ ಬೇರೆಬೇರೆಯಾಗಿ ಹೇಳಬೇಡವೇ?

ಇದೆಲ್ಲ ಪಂಡಿತರ ಜಗಳವೆಂದು ತಳ್ಳಿಹಾಕುವಂತಿಲ್ಲ. ೨೦೧೭-೧೮ರಲ್ಲಿ ನಡೆದ ಭಾರತದ ದೀರ್ಘಾವಧಿ ವೃದ್ಧಾಪ್ಯ ಅಧ್ಯಯನದ ಮೊದಲ ಸುತ್ತಿನಲ್ಲಿ ೪೫ ವರ್ಷ ತುಂಬಿದವರೂ ಅವರ ಸಂಗಾತಿಗಳೂ ಸೇರಿ ೭೨,೦೦೦ಕ್ಕೂ ಹೆಚ್ಚು ಜನರನ್ನು ಸಂದರ್ಶಿಸಲಾಯಿತು. ಅರವತ್ತು ದಾಟಿದವರಲ್ಲಿ ನಾಲ್ವರಿಗೊಬ್ಬರಂತೆ ದೇಹಪೋಷಣೆಯ ಮೂಲಕ್ರಿಯೆಗಳಲ್ಲಿ ಒಂದರಲ್ಲಾದರೂ, ಅರ್ಧಕ್ಕೆ ಸಮೀಪದಷ್ಟು ಮಂದಿ ಮನೆವಾರ್ತೆಯ ಕ್ರಿಯೆಗಳಲ್ಲಿ ಒಂದರಲ್ಲಾದರೂ ತೊಂದರೆಯುಂಟೆಂದರು. ೨೦೧೦ರಲ್ಲಿ ಆರಂಭವಾದ ವೃದ್ಧರ ಆರೋಗ್ಯಪಾಲನೆಯ ರಾಷ್ಟ್ರೀಯ ಕಾರ್ಯಕ್ರಮವು ಹಾಸಿಗೆ ಹಿಡಿದವರನ್ನೂ ಮನೆ ಬಿಟ್ಟು ಹೊರಡಲಾರದವರನ್ನೂ ಮನೆಗೇ ಹೋಗಿ ನೋಡಬೇಕೆಂದು ವಿಧಿಸುತ್ತದೆ. ಮನೆ ಬಿಟ್ಟು ಹೊರಡಲಾರದವರು ಯಾರೆಂದು ಗೊತ್ತುಮಾಡುವುದು ಇಂಥದೇ ಮಾಪಕ. ಆರಕ್ಕೆ ಆರು ಪಡೆದು ನೈಟಿಯಲ್ಲಿ ಕಿಟಕಿಯ ಬಳಿ ಕುಳಿತವಳ ಹೆಸರು ಆ ಪಟ್ಟಿಗೆ ಸೇರದು.

ಬೋಧನೆ ಮತ್ತು ಪರೀಕ್ಷೆಯ ವಿಧಾನದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬೀಳದಿರುವುದು ಹೇಗೆಂದು ಪಾಠ ಹೇಳಿ, ವಾರ ಕಳೆದ ಮೇಲೆ ಪಾಠ ನೆನಪಿದೆಯೆಂದು ತೋರಿಸಿದರೆ ಸಿದ್ಧವಾದುದು ನೆನಪಿನ ಶಕ್ತಿ. ಬಿದ್ದರೋ ಬೀಳಲಿಲ್ಲವೋ ಎಂಬುದನ್ನು ಆರು ತಿಂಗಳ ಮೇಲೆ ಹೋಗಿ ಕೇಳಿದ ಪ್ರಬಂಧಕ್ಕೆ ನಾವು ಹೆಚ್ಚಿನ ಬೆಲೆ ಕೊಡುತ್ತೇವೆ, ಅದರಲ್ಲಿ ಕೋಷ್ಟಕಗಳು ಕಡಿಮೆಯಿದ್ದರೂ ಸರಿ. ಪದವಿಯ ಅವಧಿ ಇದಕ್ಕೆ ಸಾಲದೆಂಬ ಆಕ್ಷೇಪ ನ್ಯಾಯವಾದುದೇ. ಆದರೆ ಒಬ್ಬರು ಬಿಟ್ಟ ಮನೆಗಳಿಗೆ ಮರುವರ್ಷ ಇನ್ನೊಬ್ಬರು ಹೋಗಬಾರದೆಂಬ ನಿಯಮವೇನೂ ಇಲ್ಲ.

ಡೊರೀನ್ ನಾರ್ಟನ್ ಎಂಬ ಇಂಗ್ಲಿಷ್ ದಾದಿಯ ಉದಾಹರಣೆ ಇಲ್ಲಿ ಉಪಯುಕ್ತ. ಮ್ಯಾಕ್ಲಾರೆನ್ ಮತ್ತು ಎಕ್ಸ್ಟನ್-ಸ್ಮಿತ್ ಅವರೊಡನೆ ೧೯೬೨ರಲ್ಲಿ ಆಕೆ ಪ್ರಕಟಿಸಿದ ಗ್ರಂಥವು ಆಸ್ಪತ್ರೆಯ ವೃದ್ಧರ ಶುಶ್ರೂಷೆಯ ಸಮಸ್ಯೆಗಳನ್ನು ಕುರಿತದ್ದು. ಹಾಸಿಗೆಹುಣ್ಣು ಯಾರಿಗೆ ಬರುವುದೆಂಬುದನ್ನು ದೇಹಸ್ಥಿತಿ, ಮನಃಸ್ಥಿತಿ, ಓಡಾಟ, ಅಂಗಚಲನೆ, ಮಲಮೂತ್ರಗಳ ಹತೋಟಿ ಎಂಬ ಐದು ಅಂಶಗಳಿಂದ ಮೊದಲೇ ಊಹಿಸುವ ಸೂಚಿ ಅದರಿಂದ ಬಂದಿತು. ಹುಣ್ಣಿಗೆ ಹಚ್ಚುತ್ತಿದ್ದ ಬಗೆಬಗೆಯ ಲೇಪಗಳಿಗಿಂತ ರೋಗಿಯನ್ನು ಹೊತ್ತುಹೊತ್ತಿಗೆ ಮಗ್ಗುಲು ಬದಲಿಸಿ ಮಲಗಿಸುವುದೇ ಫಲಕಾರಿಯೆಂಬುದೂ ಆ ವಿಚಾರಣೆಯಿಂದ ಬಲಗೊಂಡಿತು. ದಾದಿಯೊಬ್ಬಳು ತನ್ನ ವಾರ್ಡಿನಲ್ಲಿ ಕಂಡುದನ್ನೇ ಪ್ರಶ್ನೆಯಾಗಿ ಮಾಡಿಕೊಂಡ ಕೆಲಸವದು.

ನಮ್ಮಲ್ಲಿಯೂ ಹಾಗೆ ಮಾಡುವುದಾದರೆ ಎಲ್ಲಿಂದ ತೊಡಗಬೇಕು? ಬಸವೇಶ್ವರನಗರದ ಒಂದು ಅಡ್ಡರಸ್ತೆ ಸಾಕೆಂದು ನಮ್ಮ ಭಾವನೆ. ಬೆಳಗಿನ ಆರರಿಂದ ಹತ್ತರವರೆಗೆ ಅಲ್ಲಿನ ಇಪ್ಪತ್ತು ಮನೆಗಳಲ್ಲಿ, ಮನೆಯವರ ಒಪ್ಪಿಗೆಯಿಂದ, ಒಂದೊಂದು ಮನೆಗೆ ಮೂರು ದಿನದಂತೆ ಕುಳಿತು ನೋಡಬೇಕು: ನೀರನ್ನು ಯಾರು ಎತ್ತಿಟ್ಟರು, ಗುಳಿಗೆಯನ್ನು ಹೆಸರಿನಿಂದ ಗುರುತಿಸಿದರೋ ಬಣ್ಣದಿಂದಲೋ, ಮೆಟ್ಟಿಲನ್ನು ದಿನಕ್ಕೆ ಎಷ್ಟು ಸಲ ಇಳಿದರು, ಕೈ ಎಲ್ಲಿ ಊರಿದರು, ಸೀರೆ ಉಟ್ಟು ಎಷ್ಟು ದಿನವಾಯಿತು, ನೆಲದಿಂದ ಏಳಲು ಏನನ್ನು ಹಿಡಿದರು. ಅದೇ ಮನೆಯವರಿಗೆ ಹಳೆಯ ಸೂಚಿಯನ್ನೂ ಹಾಕಿ, ಎರಡು ಲೆಕ್ಕಗಳು ಎಲ್ಲಿ ಅಗಲುತ್ತವೆಂದು ತೋರಿಸಿದರೆ ಅದೊಂದೇ ಪೂರ್ಣವಾದ ಪ್ರೌಢಪ್ರಬಂಧವಾಗುತ್ತದೆ. ಸೊಸೆಗೂ ಒಂದು ಪ್ರಶ್ನಾವಳಿ ಬೇಕು. ಅವಳ ಬೆನ್ನುನೋವನ್ನು ಯಾರೂ ಇನ್ನೂ ಕೇಳಿದಂತಿಲ್ಲ.