ಹಳೆಯ ವಿಳಾಸಕ್ಕೊಂದು ಚೀಟಿ

ಹೊಸ ಫೀಚರ್ ಬರೆದವರ ಹೆಸರು ನಾಲ್ಕು ಜನರ ಬಾಯಲ್ಲಿ ಓಡಾಡುತ್ತದೆ. ಇದ್ದ ಫೈಲ್‌ಗಳನ್ನು ಒಂದು ಫೋಲ್ಡರಿನಿಂದ ಇನ್ನೊಂದಕ್ಕೆ ಸರಿಸಿದವರನ್ನು ಕೇಳುವವರೇ ಇಲ್ಲ. ಆದರೆ ಮುಕ್ತ ತಂತ್ರಾಂಶದ ಪ್ಯಾಚ್‌ಗಳನ್ನು ಓದುವ ಚಟವಿರುವ ನನ್ನಂಥವರಿಗೆ ಈ ಸರಿಸುವ ಕೆಲಸದಲ್ಲೇ ರುಚಿ ಹೆಚ್ಚು. ಇದರ ಒಳ್ಳೆಯ ಮಾದರಿ ಬೇಕೆನ್ನುವವರು ಲಿನಕ್ಸ್ ಕರ್ನೆಲ್‌ನ ‘ಡಾಕ್ಯುಮೆಂಟೇಷನ್’ ಡೈರೆಕ್ಟರಿಯನ್ನು ತೆರೆದು ನೋಡಬೇಕು.

ಒಂದು ಕಾಲಕ್ಕೆ ಅದು ಹಳೇ ಮನೆಯ ಅಟ್ಟದಂತಿತ್ತು. ಬರೆದವರು ಬರೆದದ್ದನ್ನು ಸಾದಾ ಟೆಕ್ಸ್ಟ್ ಫೈಲ್ ಮಾಡಿ ಅಲ್ಲಿಗೆ ಹಾಕಿ ಹೋಗಿದ್ದರು. ಸಿಸ್ಟಂ ಅಡ್ಮಿನ್‌ಗೆ ಬೇಕಾದ ಬೂಟ್ ಪ್ಯಾರಾಮೀಟರುಗಳ ಪಟ್ಟಿ, ಡ್ರೈವರ್ ಬರೆಯುವವರ ಟಿಪ್ಪಣಿ, ಪ್ಯಾಚ್ ಕಳಿಸುವ ಕ್ರಮ ಎಲ್ಲವೂ ಒಂದೇ ಸಾಲಿನಲ್ಲಿ. ಇನ್ನಷ್ಟು ಬರಹ ಡಾಕ್‌ಬುಕ್ ಎಂಬ ಎಕ್ಸ್‌ಎಂಎಲ್ ರೂಪದಲ್ಲಿ ಬೇರೆಯೇ ಕೂತಿತ್ತು. 2016ರಲ್ಲಿ, 4.8ನೇ ಆವೃತ್ತಿಯ ಹೊತ್ತಿಗೆ, ಪೈಥಾನ್ ಕೈಪಿಡಿಗಳಿಗಾಗಿ ಹುಟ್ಟಿದ್ದ ಸ್ಫಿಂಕ್ಸ್ ಎಂಬ ಸಾಧನ ಕರ್ನೆಲ್‌ಗೂ ಬಂತು. ಡಾಕ್ಯುಮೆಂಟೇಷನ್‌ನ ಮೇಂಟೇನರ್ ಜೊನಾಥನ್ ಕಾರ್ಬೆಟ್ ಮತ್ತು ಜೊತೆಗಾರರು ಆಗ ಶುರುಮಾಡಿದ ವಿಂಗಡಣೆ ವರ್ಷಗಟ್ಟಲೆ ನಡೆಯಿತು.

ಅವರು ಮೊದಲು ಕೇಳಿಕೊಂಡ ಪ್ರಶ್ನೆ, ಇದನ್ನು ಓದುವವರು ಯಾರು ಎಂಬುದು. ಯಂತ್ರ ನೋಡಿಕೊಳ್ಳುವವರಿಗೆ ‘ಅಡ್ಮಿನ್ ಗೈಡ್’, ಡ್ರೈವರ್ ಬರೆಯುವವರಿಗೆ ‘ಡ್ರೈವರ್ ಎಪಿಐ’, ಪ್ಯಾಚ್ ಕಳಿಸುವವರಿಗೆ ‘ಪ್ರೊಸೆಸ್’ ಎಂದು ಪ್ರತ್ಯೇಕ ಪುಸ್ತಕಗಳಾದವು. 2023ರಲ್ಲಿ ಎಕ್ಸ್86 ಪ್ರೊಸೆಸರಿನ ದಾಖಲೆಗಳು ‘ಆರ್ಚ್’ ಫೋಲ್ಡರಿನೊಳಗೆ ಹೋದವು. ಕೋಡ್ ಇರುವುದೂ ಅದೇ ಹೆಸರಿನ ಫೋಲ್ಡರಿನಲ್ಲಿ. ಕೋಡ್ ಎಲ್ಲಿದೆ ಎಂದು ಬಲ್ಲವರು ದಾಖಲೆಗಾಗಿ ತಡಕಾಡಬೇಕಿಲ್ಲ.

ವಿಂಗಡಣೆಯೇನೋ ತಿಳಿದವರು ಕೂತು ಮಾತಾಡಿದರೆ ಮುಗಿಯುವ ಕೆಲಸ. ಕೈ ಪಳಗಿದೆಯೋ ಇಲ್ಲವೋ ಎಂದು ನೋಡಲು ನಾನು ಖಾಲಿಯಾದ ಜಾಗಕ್ಕೆ ಹೋಗುತ್ತೇನೆ. ಕೋಡ್ ಬರೆಯುವ ಶೈಲಿಯನ್ನು ಹೇಳುವ ‘ಕೋಡಿಂಗ್‌ಸ್ಟೈಲ್’ ಫೈಲ್ ‘ಪ್ರೊಸೆಸ್’ ಒಳಗೆ ಹೋದಾಗ, ಹಳೆಯ ಜಾಗದಲ್ಲಿ ಅದೇ ಹೆಸರಿನ ಫೈಲೊಂದನ್ನು ಬಿಟ್ಟರು. ಅದರಲ್ಲಿರುವುದು ಒಂದೇ ಸಾಲು, ಫೈಲ್ ಎಲ್ಲಿಗೆ ಹೋಗಿದೆ ಎಂಬ ಸೂಚನೆ. ಹಳೆಯ ಪುಸ್ತಕಗಳು, ಇಮೇಲ್‌ಗಳು ಹೊಸಬರನ್ನು ಇನ್ನೂ ಆ ಹಳೆಯ ವಿಳಾಸಕ್ಕೇ ಅಟ್ಟುತ್ತಿದ್ದವು. ಹಾಗೆ ಬಂದವರು ಬರಿಗೈಯಲ್ಲಿ ಹೋಗಬಾರದಲ್ಲ! ಎಲ್ಲ ಫೈಲ್‌ಗೂ ಇಂಥ ಚೀಟಿ ಅಂಟಿಸುತ್ತ ಹೋದರೆ ಅಟ್ಟ ಮತ್ತೆ ತುಂಬುತ್ತದೆ. ಹೆಚ್ಚು ಜನ ಬರುವ ಬಾಗಿಲು ಯಾವುದೆಂದು ಆರಿಸಿಕೊಳ್ಳುವುದರಲ್ಲೇ ವಿವೇಕವಿದೆ.

ಇನ್ನೊಂದು ಸೂಕ್ಷ್ಮ, ಬದಲಾವಣೆಗಳ ಚರಿತ್ರೆ ಇಡುವ ಗಿಟ್‌ನದು. ಫೈಲಿನ ಹೆಸರು ಬದಲಾಯಿತು ಎಂದು ಗಿಟ್ ಎಲ್ಲೂ ಬರೆದಿಟ್ಟುಕೊಳ್ಳುವುದಿಲ್ಲ. ಒಂದು ಕಮಿಟ್‌ನಲ್ಲಿ ಅಳಿದ ಫೈಲನ್ನೂ ಹೊಸದಾಗಿ ಬಂದ ಫೈಲನ್ನೂ ಹೋಲಿಸಿ, ಸಾಮ್ಯ ಶೇ. 50 ದಾಟಿದರೆ ಇದು ಅದೇ ಫೈಲ್ ಎಂದು ಊಹಿಸುತ್ತದೆ, ಅಷ್ಟೇ. ಸರಿಸುವ ಭರದಲ್ಲಿ ಒಳಗಿನದನ್ನೂ ಬಹಳಷ್ಟು ತಿದ್ದಿ ತೀಡಿ ಒಟ್ಟಿಗೆ ಕಮಿಟ್ ಮಾಡಿದಿರೋ, ಚರಿತ್ರೆಯ ಎಳೆ ಅಲ್ಲಿಗೆ ಕಡಿದುಹೋಗುತ್ತದೆ. ವರ್ಷಗಳ ಹಿಂದೆ ಯಾರೋ ಯೋಚಿಸಿ ಬರೆದ ಸಾಲಿಗೆ, ಬರೆದವರ ಹೆಸರು ತೋರಿಸುವ ‘ಬ್ಲೇಮ್’ ಕಮಾಂಡ್ ಕೊಟ್ಟು ನೋಡಿದರೆ ಫೈಲ್ ಎತ್ತಿಟ್ಟವರ ಹೆಸರು ಬರುತ್ತದೆ. ಆದ್ದರಿಂದ ಬಲ್ಲವರು ಸರಿಸುವುದಕ್ಕೊಂದು ಕಮಿಟ್, ತಿದ್ದುವುದಕ್ಕೊಂದು ಕಮಿಟ್ ಎಂದು ಬೇರೆಬೇರೆ ಮಾಡುತ್ತಾರೆ.

ಶಿಸ್ತಿನ ವಿಷಯದಲ್ಲಿ ಮನುಷ್ಯರನ್ನು ನಂಬಬಾರದು ಎನ್ನುವುದಕ್ಕೆ ಕರ್ನೆಲ್‌ನ ‘00-ಇಂಡೆಕ್ಸ್’ ಫೈಲ್‌ಗಳೇ ಸಾಕ್ಷಿ. ಫೋಲ್ಡರಿನಲ್ಲಿ ಏನೇನಿದೆ ಎಂದು ಕೈಯಿಂದ ಬರೆದಿಟ್ಟ ಪಟ್ಟಿಗಳವು. ಹೊಸ ಫೈಲ್ ಸೇರಿಸಿದವರು ಪಟ್ಟಿಗೆ ಸೇರಿಸಲಿಲ್ಲ, ತೆಗೆದವರು ಪಟ್ಟಿಯಿಂದ ತೆಗೆಯಲಿಲ್ಲ. ಕೊನೆಗೆ 2018ರಲ್ಲಿ ಎಲ್ಲವನ್ನೂ ಕಿತ್ತುಹಾಕಿದರು. ಈಗ ಪರಿವಿಡಿಗೆ ಸೇರದ ಪುಟವಿದ್ದರೆ ಸ್ಫಿಂಕ್ಸೇ ಗದರುತ್ತದೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ‘ಮೆಮೊರಿ ಬ್ಯಾರಿಯರ್ಸ್’ ಫೈಲಿನ ಕಥೆ. ಪ್ರೊಸೆಸರುಗಳು ಮೆಮೊರಿ ಓದುವ, ಬರೆಯುವ ಕ್ರಮದ ಬಗೆಗಿನ ಕಠಿಣ ಬರಹವದು. ಅದನ್ನು ಸ್ಫಿಂಕ್ಸ್ ರೂಪಕ್ಕೆ ತಿರುಗಿಸದೆ ಸಾದಾ ಟೆಕ್ಸ್ಟ್ ಆಗಿಯೇ ಬಿಟ್ಟಿದ್ದಾರೆ. ಬೇರೊಂದು ಫೋಲ್ಡರಿನಲ್ಲಿ ಪುಟ್ಟ ಹೊದಿಕೆ ಫೈಲೊಂದನ್ನು ಇಟ್ಟು, ಅದರ ಮೂಲಕ ಮೂಲ ಬರಹವನ್ನು ಇದ್ದಹಾಗೇ ಪುಸ್ತಕದೊಳಕ್ಕೆ ತಂದಿದ್ದಾರೆ. ಎಡಿಟರಿನಲ್ಲಿ ತೆರೆದು ಓದುವವರಿಗೂ ಬ್ರೌಸರಿನಲ್ಲಿ ಓದುವವರಿಗೂ ಸಮಾಧಾನ. ಏಕರೂಪದ ಹಟಕ್ಕೆ ಬಿದ್ದಿದ್ದರೆ, ಆ ಬರಹವನ್ನು ದಿನವೂ ಬಳಸುವ ಪರಿಣತರಿಗೇ ಕಿರಿಕಿರಿಯಾಗುತ್ತಿತ್ತು.

ಈ ಕೆಲಸಕ್ಕೆ ಕೈಹಾಕುವ ಆಸೆಯಿದ್ದರೆ ಇಡೀ ಫೋಲ್ಡರನ್ನು ಬುಡಮೇಲು ಮಾಡಲು ಹೊರಡಬೇಡಿ. ಎಷ್ಟೋ ಜನರ ಪ್ಯಾಚ್‌ಗಳು ಅದೇ ಫೈಲ್‌ಗಳ ಮೇಲೆ ಅರ್ಧ ದಾರಿಯಲ್ಲಿರುತ್ತವೆ. ನೀವು ಫೈಲ್ ಎತ್ತಿಟ್ಟರೆ ಅವೆಲ್ಲ ಡಿಕ್ಕಿ ಹೊಡೆಯುತ್ತವೆ. ಕರ್ನೆಲ್ ಸೋರ್ಸ್ ಇಳಿಸಿಕೊಂಡು ‘ಮೇಕ್ ರೆಫ್‌ಚೆಕ್‌ಡಾಕ್ಸ್’ ಎಂಬ ಕಮಾಂಡ್ ಕೊಡಿ. ಎಲ್ಲೆಲ್ಲಿ ಇಲ್ಲದ ಫೈಲಿನ ಹೆಸರು ಉಳಿದುಕೊಂಡಿದೆ ಎಂದು ಅದು ತೋರಿಸುತ್ತದೆ. ಅದರಲ್ಲೊಂದನ್ನು ಹಿಡಿದು, ಆ ಫೈಲ್ ಎಲ್ಲಿಗೆ ಹೋಯಿತೆಂದು ಗಿಟ್ ಚರಿತ್ರೆಯಲ್ಲಿ ಹುಡುಕಿ, ಒಂದೇ ಸಾಲಿನ ಪ್ಯಾಚ್ ಕಳಿಸಿ. ಇನ್ನೊಬ್ಬರು ಸರಿಸಿದ್ದರ ಜಾಡು ಹಿಡಿಯುವಾಗಲೇ, ನಾವು ಸರಿಸುವಾಗ ಏನೇನು ಬಿಟ್ಟುಹೋಗಬೇಕೆಂದು ತಿಳಿಯುತ್ತದೆ.