ಬಾಲದಿಂದ ಬಿಡಿಸುವ ಪದಗಳು

ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಕೋಲಿಸಿಸ್ಟೆಕ್ಟಮಿ’ ಅಂತ ಕಂಡರೆ ನಾಲಿಗೆ ತೊಡರುತ್ತದೆ. ಹೆದರಬೇಕಿಲ್ಲ, ಬಾಲ ಹಿಡಿದು ಬಿಡಿಸಿ. ‘ಎಕ್ಟಮಿ’ ಎಂದರೆ ಕೊಯ್ದು ತೆಗೆಯುವುದು, ‘ಸಿಸ್ಟ್’ ಚೀಲ, ‘ಕೋಲಿ’ ಪಿತ್ತ. ಮೂರೂ ಗ್ರೀಕ್ ತುಂಡುಗಳು. ನಮ್ಮ ‘ಪಿತ್ತಕೋಶ’ವೂ ಇದೇ ಜೋಡಣೆ! ಅದೇ ಚೀಲಕ್ಕೆ ‘ಐಟಿಸ್’ ಹಚ್ಚಿದರೆ ಉರಿಯೂತ. ‘ಆಸ್ಟಮಿ’ ಹಚ್ಚಿದರೆ ಬರೀ ತೂತು ಮಾಡಿ ದಾರಿ ಬಿಟ್ಟದ್ದು, ಅಂಗ ಅಲ್ಲೇ ಇದೆ. ಕತ್ತರಿ ಎಷ್ಟು ದೂರ ಹೋಯಿತೆಂದು ಒಂದು ಪ್ರತ್ಯಯ ಹೇಳಿಬಿಡುತ್ತದೆ. ಈ ಜಿಪುಣತನ ನನಗೆ ಬಲು ಇಷ್ಟ.

ಎಲ್ಲವೂ ಇಷ್ಟು ಪ್ರಾಮಾಣಿಕವಲ್ಲ ಅನ್ನಿ. ಅಪಧಮನಿಯಲ್ಲಿ (‘ಆರ್ಟರಿ’, ಗ್ರೀಕಿನ ‘ಆರ್ಟೀರಿಯಾ’) ಗಾಳಿ ಓಡುತ್ತದೆಂದು ಹಳೆಯ ಗ್ರೀಕ್ ವೈದ್ಯರಲ್ಲಿ ಕೆಲವರು ನಂಬಿದ್ದರು. ಉಸಿರಿನ ಕೊಳವೆಯನ್ನೂ ‘ಒರಟು ಆರ್ಟೀರಿಯಾ’ ಎಂದೇ ಕರೆದರು. ಅಪಧಮನಿಯಲ್ಲಿರುವುದು ರಕ್ತವೆಂದು ವೈದ್ಯ ಗೇಲನ್ 2ನೇ ಶತಮಾನದಲ್ಲೇ ತೋರಿಸಿಕೊಟ್ಟ. ಹೆಸರು ಮಾತ್ರ ಜಪ್ಪಯ್ಯ ಅನ್ನಲಿಲ್ಲ. ‘ಒರಟು’ ಎಂಬ ವಿಶೇಷಣವೇ ಇಂದಿನ ‘ಟ್ರೇಕಿಯಾ’.

ಪದದ ತಲೆಗೆ ಹಚ್ಚುವ ‘ಹೈಪರ್’, ‘ಹೈಪೊ’ ಜೋಡಿಯ ಬಗ್ಗೆ ನನ್ನ ತಕರಾರಿದೆ. ಒಂದು ಹೆಚ್ಚು, ಇನ್ನೊಂದು ಕಡಿಮೆ. ಫೋನಿನಲ್ಲಿ ಕೇಳಿದರೆ ಎರಡೂ ಒಂದೇ. ‘ಶುಗರ್ ಲೋ ಆಗಿದೆ’ ಅನ್ನುವ ನರ್ಸಮ್ಮನ ಮಾತೇ ವಾಸಿ.